ಬೇಲಿಯಾಚೆಯಿಂದ ಬಂದ ನೀರು

ಆ ಧೂಳಿನ ಫಲವನ್ನು ಉಂಡವರು ಅದನ್ನು ತಯಾರಿಸಿದವರಲ್ಲ, ಮಾರಿದವರೂ ಅಲ್ಲ. ಉಂಡವರು ನಮ್ಮ ಬೇಲಿಯಾಚೆಯ ಅಂಕಲ್. ಅವರಿಗಿಂತ ಮೊದಲು, ಅವರ ಬಟ್ಟೆ ಒಗೆಯುತ್ತಿದ್ದ ಅವರ ಹೆಂಡತಿ.

ಕಳೆದ ವಾರ ಗಿಡಗಳಿಗೆ ನೀರು ಬಿಡಲೆಂದು ಪೈಪಿನ ಹಳೆಯ ಹಿತ್ತಾಳೆ ಮೂತಿಯನ್ನು ಗೋಡೆಯ ಮೊಳೆಯಿಂದ ಕೆಳಗಿಳಿಸಿದೆ. ಅದು ಅಂಕಲ್ ಕೊಟ್ಟದ್ದು. ಬಿಸಿಲಿಗೆ ಬೆಂದ ಮಣ್ಣಿನ ಮೇಲೆ ತುಂತುರು ಬಿದ್ದು ವಾಸನೆ ಎದ್ದಿತು. ಆ ಭಾನುವಾರವೂ ಇದೇ ವಾಸನೆ...

ಆಸ್ಟ್ರೇಲಿಯಾದ ಪರ್ತ್‌ನ ಸ್ವಾನ್ ವ್ಯಾಲಿಯಲ್ಲಿ ನಾವು ಕೊಂಡ ಜಾಗದಲ್ಲಿ ಒಂದು ಹಳೆಯ ಶೆಡ್ಡಿತ್ತು. ಹಿಂದೆ ದ್ರಾಕ್ಷಿ ಒಣಗಿಸುತ್ತಿದ್ದ, ದಪ್ಪ ಮರದ ಕಂಬಗಳ ಉದ್ದನೆಯ ಶೆಡ್ಡು. ಅದನ್ನು ದುರಸ್ತಿ ಮಾಡಿ ಮಕ್ಕಳ ಕನ್ನಡ ತರಗತಿ ನಡೆಸಬೇಕೆಂಬುದು ನಮ್ಮ ಆಸೆ. ಮಾರಿದವರ ಜಾಹೀರಾತು ಕಂಬಗಳನ್ನು ಹೊಗಳಿತ್ತು. ಚಾವಣಿಯ ಬಗ್ಗೆ ಒಂದು ಪದವೂ ಇರಲಿಲ್ಲ. ಅಲೆಅಲೆಯಾದ ಆ ಬೂದು ಶೀಟುಗಳು ನಮ್ಮ ಕಣ್ಣಿಗೆ ಹೊಸವೂ ಅಲ್ಲ. ದಾವಣಗೆರೆಯಲ್ಲಿ ನಾನು ಓದಿದ ಶಾಲೆಯ ಮೇಲೂ ಅವೇ ಇದ್ದವು. ಅವುಗಳ ಕೆಳಗೇ ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಪರಿಚಿತವಾದದ್ದರಿಂದ ಅಪಾಯವಿಲ್ಲ ಎಂದುಕೊಂಡದ್ದು ನಮ್ಮೆಲ್ಲರ ತಪ್ಪು. ಇನ್ನೊಂದು ತಪ್ಪು ನನ್ನೊಬ್ಬಳದೇ. ನಾನು ಭೂವಿಜ್ಞಾನಿ. ಗಣಿಯಲ್ಲಿ ಬಂಡೆಯೊಳಗೆ ಕಲ್ನಾರಿನ ಒಂದು ಎಳೆ ಕಂಡರೂ ಕೆಲಸ ನಿಲ್ಲಿಸುವವಳು, ನನ್ನದೇ ಶೆಡ್ಡಿನ ಚಾವಣಿಯನ್ನು ಕಣ್ಣೆತ್ತಿ ನೋಡಲಿಲ್ಲ.

ಆ ಭಾನುವಾರ ಬೆಳಿಗ್ಗೆ ಸ್ನೇಹಿತರ ಸಂಸಾರಗಳೂ ಸೇರಿದ್ದವು. ನನ್ನ ಗಂಡ ಏಣಿ ಹತ್ತಿ ಒಡೆದ ಶೀಟುಗಳನ್ನು ಕಿತ್ತು ಕೆಳಗೆಸೆಯುತ್ತಿದ್ದರು. ಗಣಪತಿ ಪೂಜೆಗೆ ಮೊದಲು ನೆಲ ಚೊಕ್ಕವಾಗಿರಲೆಂದು ನಾನು ಇಂಡಿಯನ್ ಅಂಗಡಿಯ ಕಡ್ಡಿಪೊರಕೆ ಹಿಡಿದು ಗುಡಿಸುತ್ತಿದ್ದೆ. ಆರು ವರ್ಷದ ಮಗಳ ಕೈಯಲ್ಲಿ ಕಸದ ಮೊರ. ಬಿಸಿಲಕೋಲಿನಲ್ಲಿ ಧೂಳು ಎಷ್ಟು ಚೆಂದ ಹೊಳೆಯುತ್ತಿತ್ತು...

ಆಗ ಬೇಲಿಯಾಚೆಯಿಂದ ನೀರು ಬಂದು ನಮ್ಮ ಮೇಲೆ ಬಿತ್ತು.

"ಲೋ, ಆ ಅಜ್ಜ ಪೈಪ್ ಹಿಡ್ಕೊಂಡು ನಮ್ಮನ್ನ ಓಡಿಸ್ತಿದಾನಲ್ಲೋ!" ಎಂದು ಸ್ನೇಹಿತರೊಬ್ಬರು ಕೂಗಿದರು. "ವಿಡಿಯೋ ಮಾಡ್ರೀ, ಸಿಟಿ ಕೌನ್ಸಿಲ್‌ಗೆ ಕಳಿಸೋಣ."

ನಾನು ಫೋನ್ ತೆಗೆದೇಬಿಟ್ಟೆ. ಅನ್ಯಾಯ ಕಂಡರೆ ಅದರ ಹೆಸರು ಹಿಡಿದೇ ಕರೆಯಬೇಕೆಂದು ಕಲಿತವಳು ನಾನು. ವರ್ಣದ್ವೇಷ ಎಂಬ ಹೆಸರು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

"ಅಮ್ಮಾ, ಹಿ ಈಸ್ ಕ್ರೈಯಿಂಗ್," ಎಂದಳು ಮಗಳು.

ನಿಜ. ಅವರು ಅಳುತ್ತ, ಕೆಮ್ಮುತ್ತ ಕೂಗುತ್ತಿದ್ದರು: ಅದು ಆಸ್ಬೆಸ್ಟಾಸ್, ಪೊರಕೆ ಕೆಳಗಿಡಿ, ಮಗುವನ್ನು ಹೊರಗೆ ತನ್ನಿ, ಧೂಳು ಒಣಗಲು ಬಿಡಬೇಡಿ.

ಆಸ್ಬೆಸ್ಟಾಸ್ ಎಂದರೆ ಗಣಿಯಲ್ಲಿ ನಾನು ಕೆಲಸ ನಿಲ್ಲಿಸುವ ಅದೇ ಕಲ್ನಾರು. ಮಗಳನ್ನೆತ್ತಿಕೊಂಡು ಹೊರಗೋಡಿದೆ. ಬೇಲಿಯ ಬಳಿಯೇ ಅಂಕಲ್ ಎಲ್ಲರ ತಲೆ, ಕೈಕಾಲು ತೊಳೆಸಿ, ಬಟ್ಟೆಗಳನ್ನು ಕೊಡವದೆ ಒದ್ದೆಯಾಗಿಯೇ ಚೀಲಕ್ಕೆ ತುಂಬಿಸಿದರು. ಆಮೇಲೆ ತಮ್ಮ ಕಥೆ ಹೇಳಿದರು. ಯೌವನದಲ್ಲಿ ಇಂಥ ಶೀಟುಗಳನ್ನು ಗರಗಸದಿಂದ ಕೊಯ್ದು ಮನೆಗಳಿಗೆ ಹೊದಿಸಿದವರು ಅವರು. ಸಂಜೆ ಅವರ ಅಂಗಿಯನ್ನು ಹೆಂಡತಿ ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದರು. ಈ ಧೂಳು ಏನೂ ಮಾಡದು ಎಂದು ಮೇಸ್ತ್ರಿ ಹೇಳಿದ್ದ. ಮೇಸ್ತ್ರಿಗೆ ಹಾಗೆಂದು ಹೇಳಿಕೊಟ್ಟವರು ಕಾರ್ಖಾನೆಯವರು.

"ಅವಳು ಒಂದು ಶೀಟನ್ನೂ ಮುಟ್ಟಿದವಳಲ್ಲ. ಆದರೂ ಈ ಧೂಳು ಮೊದಲು ತಿಂದದ್ದು ಅವಳ ಶ್ವಾಸಕೋಶವನ್ನೇ," ಎಂದರು.

ಪರವಾನಗಿ ಇದ್ದವರು ಬಂದು ಹಳೆಯ ಶೀಟುಗಳನ್ನು ಸಾಗಿಸಿದರು. ತಗಡಿನ ಚಾವಣಿ ಬಂತು. ವಾಲಿದ್ದ ಕಂಬಗಳನ್ನು ನೆಟ್ಟಗೆ ಮಾಡುವುದನ್ನು ಅಂಕಲ್ಲೇ ನಿಂತು ಕಲಿಸಿದರು. ತರಗತಿ ಶುರುವಾದ ಮೇಲೆ ಪ್ರತಿ ಶನಿವಾರ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅವರಿಗೆ ಮಾತ್ರ, "ಬನ್ನಿ ಅಂಕಲ್, ಇವತ್ತೂ ನೀರು ತಂದ್ರಾ?" ಎನ್ನುತ್ತಿದ್ದಳು. ಅರ್ಥವಾಗದಿದ್ದರೂ ಅವರು ನಗುತ್ತಿದ್ದರು. ಮುಂದೆ ನಗುವುದಕ್ಕೂ ಉಸಿರು ಸಾಲದಾಯಿತು. ಬೇಲಿಯಿಂದ ಬೆಂಚಿನವರೆಗೆ ನಡೆಯುವಷ್ಟರಲ್ಲಿ ದಣಿದು ಒಂದು ಸಲ ಕೂರುತ್ತಿದ್ದವರು ಎರಡು ಸಲ, ಮೂರು ಸಲ ಕೂರತೊಡಗಿದರು... ಕಳೆದ ಚಳಿಗಾಲದಲ್ಲಿ ಬೆಂಚು ಖಾಲಿಯಾಯಿತು.

ಒಂದು ಬೆಳಗಿನ ಧೂಳಿನಿಂದ ಮಗಳಿಗೆ ಅಪಾಯ ತೀರ ಕಡಿಮೆ ಎಂದು ವೈದ್ಯರು ಹೇಳಿದ್ದಾರೆ. ನಂಬಿದ್ದೇನೆ. ಆದರೂ ಅವಳು ಕೆಮ್ಮಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ಅಂಕಲ್ ಮನೆ ಈಗ ಮಾರಾಟಕ್ಕಿದೆ. ಅವರ ಹಿತ್ತಲಲ್ಲೂ ಅದೇ ಶೀಟಿನ ಶೆಡ್ಡೊಂದಿದೆ. ಅಲ್ಲಾಡಿಸದಿದ್ದರೆ ಧೂಳು ಮಲಗಿರುತ್ತದೆ ಎಂದು ಬಣ್ಣ ಬಳಿದು ಬೀಗ ಹಾಕಿಟ್ಟಿದ್ದರು. ಗೇಟಿನ ಫಲಕದಲ್ಲಿ 'ನವೀಕರಣಕ್ಕೆ ಸೊಗಸಾದ ಹಳೆಯ ಶೆಡ್' ಎಂದಿದೆ. ಇನ್ನೊಂದು ಸಂಸಾರ ಪೊರಕೆ ಹಿಡಿದು ಬರುತ್ತದೆ. ಬೇಲಿಯಾಚೆ ಪೈಪ್ ಹಿಡಿದು ನಿಲ್ಲಲು ಅವರಿಲ್ಲ.

ಮಾರುತ್ತಿರುವವರೇ, ಮಾರಿಸುತ್ತಿರುವ ಏಜೆಂಟರೇ, ಈ ಶನಿವಾರ ಮನೆ ತೋರಿಸಲು ಗೇಟು ತೆರೆಯುವ ಮುನ್ನ ಆ ಫಲಕದ ಮೊದಲ ಸಾಲನ್ನು ಅಳಿಸಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ: ಈ ಶೆಡ್ಡಿನ ಚಾವಣಿ ಆಸ್ಬೆಸ್ಟಾಸ್.