ಬೆಳ್ಳಿ ಬಣ್ಣದ ಕೆಳಗಿನ ಮುಖ

ಕಳೆದ ವರ್ಷ ಅಕ್ಟೋಬರ್ ಎರಡಕ್ಕೆ ಇನ್ನು ನಾಲ್ಕು ದಿನವಿತ್ತು. ಪಾಂಡವಪುರ ತಾಲ್ಲೂಕಿನ ನಮ್ಮೂರ ಶಾಲೆಯ ಮುಂದೆ ರಾಷ್ಟ್ರಪಿತನ ಸಿಮೆಂಟ್ ವಿಗ್ರಹವಿದೆ, ಎದೆಯವರೆಗಿನದು. ಅದಕ್ಕೆ ಬಣ್ಣ ಬಳಿಯುತ್ತಿದ್ದೆ. ಆ ಶಾಲೆಯಲ್ಲಿ ಜವಾನನಾಗಿದ್ದವನು ನಾನು. ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆ ಬೆಳ್ಳಿ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೇ ಉಳಿದಿತ್ತು. ಹಳೆಯದನ್ನು ಕೆರೆದು ಹಚ್ಚಬೇಕೆಂದು ಗೊತ್ತಿತ್ತು. ಒಂದು ವರ್ಷವೂ ಕೆರೆಯಲಿಲ್ಲ. ಅದರ ಮೇಲೇ ಬಳಿದೆ, ಮೂವತ್ತು ವರ್ಷ.

ಆಗ ಬೈಕಿನಿಂದ ನನಗಿಂತ ಹಿರಿಯರೊಬ್ಬರು ಇಳಿದರು. ಆ ವಿಗ್ರಹ ಮಾಡಿದ ನಾಗಮಂಗಲದ ವೀರಾಚಾರಿಯವರು. ಮಗಳ ಮನೆಗೆ ಹೊರಟವರು, ಒಮ್ಮೆ ನೋಡಿ ಹೋಗೋಣವೆಂದು ಅಳಿಯನಿಗೆ ಬೈಕು ನಿಲ್ಲಿಸಲು ಹೇಳಿದ್ದರಂತೆ. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಇವ್ರು ಯಾರಪ್ಪ?" ಎಂದರು.

"ನೀವೇ ಮಾಡಿದ್ದಲ್ವಾ ಆಚಾರ್ರೇ?"

"ನಾನು ಮಾಡಿದ್ದು ನಗ್ತಿತ್ತು ಕಣಪ್ಪ. ಬೊಚ್ಚು ಬಾಯಿ. ಇದು ನೋಡು, ಹಲ್ಲುನೋವು ಬಂದೋರಂಗೆ ಊದ್ಕಂಡು ಕುಂತದೆ."

ಅಳಿಯ ನಕ್ಕ. ನನಗೆ ನಗು ಬರಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಕೆ.ಆರ್. ಪೇಟೆ ಕಡೆಯ ಒಂದು ಶಾಲೆಯವರು, ತಮಗೂ ಇಂಥದೇ ಬೇಕೆಂದು ನೋಡಲು ಬಂದಿದ್ದರು. "ಮಾತ್ಮರ ತರಾನೇ ಇಲ್ವಲ್ಲ, ಯಾರ್ರೀ ಮಾಡಿದ್ದು?" ಎಂದು ಕೇಳಿದರು. ಬ್ರಶ್ ಕೈಯಲ್ಲಿ ಹಿಡಿದುಕೊಂಡೇ ನಾನು ಹೇಳಿದೆ, "ನಾಗಮಂಗಲದ ಆಚಾರಿ ಸಾ. ಅವ್ನ ಕೈಗೆ ಮುಖ ಕೂರಾಕಿಲ್ಲ." ಅವರು ಬೇರೆ ಕಡೆ ಮಾಡಿಸಿಕೊಂಡರು. ನನ್ನ ಸೋಮಾರಿತನ ಒಪ್ಪಿಕೊಳ್ಳುವುದಕ್ಕಿಂತ ಹಾಗೆ ಹೇಳುವುದೇ ಸುಲಭವಾಗಿತ್ತು.

ಆಚಾರ್ರು ಅಳಿಯನಿಂದ ಥಿನ್ನರ್, ಬ್ಲೇಡು ತರಿಸಿ, ಸ್ಟೂಲು ಹತ್ತಿ ಕೂತು ಎಡಗಿವಿಯಿಂದ ಶುರು ಮಾಡಿದರು. ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಪದರಪದರವಾಗಿ ಎದ್ದು ಬಂತು. ಸಂಜೆಯ ಹೊತ್ತಿಗೆ ಒಂದು ಕಿವಿ, ಕಣ್ಣಂಚಿನ ಎರಡು ನೆರಿಗೆ ಕಂಡವು. ಆಮೇಲೆ ಬ್ಲೇಡನ್ನು ನನ್ನ ಕೈಗಿಟ್ಟರು.

"ನನ್ ಕೈಲಿ ಆಗಾಕಿಲ್ಲ ಕಣ್ಲಾ. ಮಿಕ್ಕಿದ್ದು ನೀನೇ ಮಾಡ್ಬುಡು. ಇಷ್ಟ್ ವರ್ಷ ನೋಡ್ಕಂಡಿದ್ದೀಯ, ಪುಣ್ಯಾತ್ಮ" ಎಂದು ನನ್ನ ಭುಜ ತಟ್ಟಿ ಹೊರಟರು. ಬೈದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೇನೋ. ಅವರು ಬೈಯಲಿಲ್ಲ.

ವರ್ಷವಾಗುತ್ತ ಬಂತು. ದಿನಾ ಬೆಳಿಗ್ಗೆ ಸ್ವಲ್ಪಸ್ವಲ್ಪ ಕೆರೆಯುತ್ತೇನೆ. ಸೊಂಟ ಹಿಡಿಯುತ್ತದೆ, ವಾಸನೆಗೆ ತಲೆ ಸುತ್ತುತ್ತದೆ, ಎಷ್ಟೋ ದಿನ ಏಳುವುದೇ ಬೇಡ ಅನ್ನಿಸುತ್ತದೆ. ಈಗ ಬಾಯಿಯವರೆಗೆ ಬಂದಿದ್ದೇನೆ. ನಗು ಇದೆ. ಅವರು ಹೇಳಿದ ಹಾಗೆಯೇ, ಬೊಚ್ಚು ಬಾಯಿ.

ಮೊನ್ನೆ ಮೇಷ್ಟ್ರು ಹೊಸ ಬಣ್ಣದ ಡಬ್ಬಿ ತಂದುಕೊಟ್ಟು, "ಬೇಗ ಹಚ್ಬುಡಿ ತಾತ, ದಿನ ಹತ್ರ ಬಂತು" ಎಂದರು. ಅದು ಮಂಚದ ಕೆಳಗಿದೆ. ಮುಚ್ಚಳ ತೆಗೆದಿಲ್ಲ.

ಆಚಾರ್ರೇ, ನಾನು ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ನಿಮ್ಮ ಮನೆಗೂ ಬರುತ್ತದೆಂದು ನಿಮ್ಮ ಅಳಿಯ ಹೇಳಿದ್ದರು. ನಿಮ್ಮ ಕೈಗೆ ಮುಖ ಕೂರುವುದಿಲ್ಲ ಎಂದವನು ನಾನು. ಕೂತಿತ್ತು. ನಾನೇ ಮುಚ್ಚಿದೆ.