ಕಟ್ಟದ ಪಾಯಸ

ಕಾಪು ಕಡೆಯ ನಮ್ಮ ಊರಿನಲ್ಲಿ ಬಾವಿಯಿಲ್ಲದ ಮನೆಯಿಲ್ಲ. ದುಡ್ಡು ಕೊಟ್ಟು ನೀರು ತರಿಸುವುದೆಂದರೆ ನಮಗೆ ನಾಚಿಕೆಯ ವಿಷಯ. ಆ ನಾಚಿಕೆಯನ್ನೂ ನಾನು ಅನುಭವಿಸಿದ್ದಾಯಿತು.

ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ. ಗ್ಯಾಸ್ ಏರಿತು, ತೆಂಗಿನಕಾಯಿ ಏರಿತು, ಅಕ್ಕಿಯ ಚೀಲಕ್ಕೂ ತೆರಿಗೆ ಬಂತು. ದೋಸೆಗೆ ಒಂದು ರೂಪಾಯಿ ಏರಿಸಿದರೆ ಮಾತ್ರ ಗಿರಾಕಿಗಳ ಮುಖ ದಪ್ಪ. ಇದನ್ನೆಲ್ಲ ಹೇಗೋ ಸುಧಾರಿಸಿಕೊಂಡಿದ್ದೆ. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾದಾಗ ಸೋತೆ. ಟ್ಯಾಂಕರಿನ ನೀರಿನಲ್ಲಿ ದೋಸೆ ಹೊಯ್ದು ಉದ್ಧಾರವಾದವರಿಲ್ಲ. ಇನ್ನೊಂದು ಬೇಸಿಗೆ ಹೀಗೇ ಆದರೆ ಹೋಟೆಲು ಮುಚ್ಚುವುದೇ ಎಂದು ಗಂಡನಿಗೆ ಹೇಳಿಬಿಟ್ಟಿದ್ದೆ.

ಉಪ್ಪಾಗಲು ಕಾರಣ ಎಲ್ಲರಿಗೂ ಗೊತ್ತಿತ್ತು. ಮೊದಲೆಲ್ಲ ಮಳೆ ಮುಗಿದ ಮೇಲೆ ಊರವರೇ ಸೇರಿ ಹೊಳೆಗೆ ಅಡ್ಡ ಮಣ್ಣಿನ ಕಟ್ಟ ಹಾಕುತ್ತಿದ್ದರು. ಸಮುದ್ರದ ನೀರು ಮೇಲೇರುತ್ತಿರಲಿಲ್ಲ. ಆಮೇಲೆ ಸರಕಾರ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಕಟ್ಟಿಸಿತು. ಒಳ್ಳೆಯದೇ. ಆದರೆ ವರ್ಷವೂ ಕಿಂಡಿಗಳಿಗೆ ಹಲಗೆ ಇಳಿಸಿದರೆ ತಾನೇ ನೀರು ನಿಲ್ಲುವುದು? ಹಲಗೆ ಹಾಕುವ ಗುತ್ತಿಗೆ ತಪ್ಪದೆ ಆಗುತ್ತಿತ್ತು, ಹಲಗೆ ಮಾತ್ರ ಬರುತ್ತಿರಲಿಲ್ಲ. ಬಂದ ವರ್ಷವೂ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕಳೆದ ವರ್ಷ ನೆರೆಮನೆಯ ಅಜ್ಜ ಹೋಟೆಲಿನ ಬೆಂಚಿನಲ್ಲಿ ಕೂತು ರೇಗಿದರು. "ಎಂತ ಕಾಯುವುದು ಮಾರಾಯ್ರೆ? ನಮ್ಮ ಬಾವಿ, ನಾವೇ ಕಟ್ಟುವ."

ಒಂದು ಆದಿತ್ಯವಾರ ಎಲ್ಲರೂ ಹೊಳೆಗಿಳಿದೆವು. ಹಳೆ ಮನೆ ಕೆಡವಿದವರು ಬಾಗಿಲ ಹಲಗೆ ಕೊಟ್ಟರು. ಬಾಡಿಗೆ ಕೋಣೆಗಳಲ್ಲಿರುವ ಬಾಗಲಕೋಟೆ ಕಡೆಯ ಕೂಲಿಯವರು ಬುಟ್ಟಿ ಹಿಡಿದು ಬಂದರು. ಕಿಂಡಿಗಳಿಗೆ ಎರಡು ಸಾಲು ಹಲಗೆ, ನಡುವೆ ಮಣ್ಣು. ಅಜ್ಜ ದಡದಲ್ಲಿ ನಿಂತು ಎಲ್ಲರನ್ನೂ ಬೈದರು. ಸಂಜೆಗೆ ನೀರು ನಿಂತಿತು. ನನಗೆ ಅಳುವೇ ಬಂತು.

ಕಟ್ಟ ಮುಗಿದ ದಿನ ಪಾಯಸ ಮಾಡಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಬೈಕು ನಿಲ್ಲಿಸಿ ಸೇತುವೆಯ ಮೇಲಿಂದ ನೋಡುತ್ತಿದ್ದವನನ್ನು ನಾನೇ ಕರೆದೆ. ಗುತ್ತಿಗೆದಾರನ ಮನುಷ್ಯ ಎಂದು ಗೊತ್ತಿತ್ತು. ಪಾಯಸ ಬಡಿಸುವಾಗ ಅದನ್ನೆಲ್ಲ ನೋಡುವುದುಂಟೇ? ಅವನು ಇನ್ನೊಮ್ಮೆ ಕೇಳಿ ಹಾಕಿಸಿಕೊಂಡ.

"ಚಂದ ಮಾಡಿದ್ದೀರಿ ಅಕ್ಕ. ಎಲ್ಲರೂ ಒಮ್ಮೆ ನಿಲ್ಲಿ" ಎಂದು ಫೋಟೊ ತೆಗೆದ. ನಾವು ಸಾಲಾಗಿ ನಿಂತು ಹಲ್ಲು ಬಿಟ್ಟೆವು.

ಆ ಬೇಸಿಗೆಯಿಡೀ ಬಾವಿಯ ನೀರು ಸಿಹಿಯಾಗಿಯೇ ಉಳಿಯಿತು. ಮಳೆಗಾಲಕ್ಕೆ ಮೊದಲು ಮನೆ ತೆರಿಗೆ ಕಟ್ಟಲು ಪಂಚಾಯತಿಗೆ ಹೋದೆ. ಅದೂ ಏರಿತ್ತು. ದುಡ್ಡು ಕಟ್ಟಿದ ಮೇಲೆ, "ಬರುವ ವರ್ಷವಾದರೂ ಹಲಗೆ ಹಾಕಿಸಿ" ಎಂದೆ.

ಮೇಜಿನ ಆಚೆ ಕೂತವರಿಗೆ ಆಶ್ಚರ್ಯ. "ಈ ವರ್ಷ ಹಾಕಿ ಆಯ್ತಲ್ಲ ಅಕ್ಕ? ಬಿಲ್ಲೂ ಪಾಸಾಗಿದೆ. ಫೋಟೊ ಉಂಟು ನೋಡಿ."

ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ತುಂಬಿದ ಹೊಳೆ, ಹಲಗೆ, ಮೈಗೆಲ್ಲ ಮಣ್ಣಾದ ಜನ. ನಡುವೆ ಸೌಟು ಹಿಡಿದು ನಗುತ್ತಿರುವ ನಾನು.

"ಅದು ನಾವು ಕಟ್ಟಿದ್ದು!"

"ಹೌದಾ? ಗುತ್ತಿಗೆದಾರರು ನಿಮ್ಮನ್ನೂ ಕೆಲಸಕ್ಕೆ ಕರೆದಿದ್ದರಾ?"

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದೆ. ಅವರು ಪಾಪ, ಬರೆದು ಕೊಡಿ ಎಂದರು.

ಈ ವರ್ಷವೂ ಹಲಗೆ ಬರಲಿಲ್ಲ. ಮತ್ತೆ ನಾವೇ ಕಟ್ಟಿದೆವು. ಕಟ್ಟದಿದ್ದರೆ ಹೋಟೆಲು ಮುಚ್ಚುವವಳು ನಾನು, ಅವರಲ್ಲ. ಕೆಲಸ ಮುಗಿದಾಗ ಅಜ್ಜ ಕೈಕಾಲು ತೊಳೆದು ದಡದಲ್ಲಿ ಕೂತರು.

"ಪಾಯಸ ಎಲ್ಲಿ ಮಗಾ?"

"ಈ ಸಲ ಇಲ್ಲ ಅಜ್ಜ."

"ಪಾಯಸ ಇಲ್ಲದ ಕಟ್ಟ ಉಂಟಾ? ನಿನಗೆ ಎಂತ ಆಗಿದೆ?"

ನಾನು ಸೇತುವೆಯ ಕಡೆ ಕೈ ತೋರಿಸಿದೆ. ಅದೇ ಬೈಕು ನಿಂತಿತ್ತು. ಯಾರೂ ಕರೆಯದಿದ್ದರೂ ಅವನು ಮೊಬೈಲು ಎತ್ತಿ ಹಿಡಿದಿದ್ದ. ಅಜ್ಜ ಅತ್ತ ತಿರುಗಿ ನೋಡಿದರು. ಮತ್ತೆ ಪಾಯಸ ಕೇಳಲಿಲ್ಲ.