ಕಿಟಕಿಯ ಹೂಜಿಗಿಡಗಳು

ಊರಾಚೆಯ ಜೌಗಿನಲ್ಲಿ ಹುಳ ಹಿಡಿದು ತಿನ್ನುವ ಹೂಜಿಗಿಡಗಳಿದ್ದವು. ಕಳ್ಳರು ಅವನ್ನು ಮಾರಲೆಂದು ಬುಡಸಮೇತ ಕೀಳುವುದನ್ನು ಕಂಡು ಮರುಗಿದ ಟೈಲರಮ್ಮ, ಒಂದಷ್ಟು ಬೀಜ ತಂದು ಹೊಲಿಗೆ ಅಂಗಡಿಯ ಕಿಟಕಿಯಲ್ಲೇ ಮಳೆನೀರು ಹಾಕಿ ಬೆಳೆಸಿದಳು. ಅಳತೆ ಕೊಡಲು ಬಂದವರು ಮುಟ್ಟಲು ಹೆದರಿದರೆ, “ಕಚ್ಚಲ್ಲ ಕಣ್ರೀ, ಅದಕ್ಕೆ ನೊಣ ಸಾಕು” ಎಂದು ನಗುತ್ತಿದ್ದಳು.

ಕೊನೆಗೊಂದು ದಿನ ಜೌಗಿನಲ್ಲಿ ಒಂದು ಹೂಜಿಗಿಡವೂ ಉಳಿಯಲಿಲ್ಲ. ಆಮೇಲೆ ಜೌಗಿಗೆ ಬೇಲಿ ಹಾಕಿಸಿದ ಸಸ್ಯತೋಟದವರು, ಅಲ್ಲಿ ಮತ್ತೆ ನೆಡಲು ಗಿಡ ಕೇಳಿಕೊಂಡು ಅಂಗಡಿಗೇ ಬಂದರು. ಅವಳು ಒಂದನ್ನೂ ಉಳಿಸಿಕೊಳ್ಳದೆ ಕೊಟ್ಟು, ತಾನೇ ಕೆಸರಿಗಿಳಿದು ನೆಟ್ಟಳು.

ಅವಳು ಕಣ್ಣೊರೆಸಿಕೊಳ್ಳುವುದನ್ನು ಕಂಡು, ಜೊತೆಗೆ ಬಂದಿದ್ದ ಗಂಡ ದಡದಿಂದಲೇ ಛೇಡಿಸಿದ: “ಏನೇ, ಮಗಳನ್ನ ಗಂಡನ ಮನೆಗೆ ಕಳಿಸ್ದಂಗೆ ಅಳ್ತೀಯ?”

“ಗಂಡನ ಮನೆಗಲ್ಲ, ತವರಿಗೆ! ಖುಷಿಗೆ ಅಳ್ತಿರೋದು. ಬನ್ರೀ, ಮೊದ್ಲು ನನ್ನ ಕಾಲು ಕೆಸರಿಂದ ಎಳೀರಿ!”

ಕೆಲವು ವರ್ಷಗಳಲ್ಲಿ ಆ ಜೌಗಿನಲ್ಲಿ ಅವಳು ನೆಡದ ಸಸಿಗಳೂ ತಲೆಯೆತ್ತಿದವು.